ನಿಮ್ಮ ಎಚ್-ಇಂಡೆಕ್ಸ್ ಎಷ್ಟು ಅಂತ ಕೇಳುವವರಿಗೆ

ನಮ್ಮ ಲ್ಯಾಬ್ ಸೇರಲು ಬರುವ ಹುಡುಗ ಹುಡುಗಿಯರು ಇದನ್ನು ಕೇಳಿಯೇ ಕೇಳುತ್ತಾರೆ. "ಮೇಡಂ, ನಿಮಗೆ ಒಟ್ಟು ಎಷ್ಟು ಸೈಟೇಶನ್ ಇದೆ? ಎಚ್-ಇಂಡೆಕ್ಸ್ ಎಷ್ಟು?" ತಪ್ಪು ಪ್ರಶ್ನೆಯಲ್ಲ. ಐದಾರು ವರ್ಷ ಕಳೆಯುವ ಜಾಗದ ಬಗ್ಗೆ ವಿಚಾರಿಸಬೇಕಲ್ವಾ? ಸಂಖ್ಯೆ ಹೇಳುತ್ತೇನೆ. ಆಮೇಲೆ ಕೂರಿಸಿಕೊಂಡು ಒಂದಿಷ್ಟು ಮಾತಾಡುತ್ತೇನೆ.

ಸೈಟೇಶನ್ ಅಂದರೆ ಒಬ್ಬರ ಸಂಶೋಧನಾ ಪೇಪರನ್ನು ಇನ್ನೊಬ್ಬರು ತಮ್ಮ ಪೇಪರ್‌ನಲ್ಲಿ ಉಲ್ಲೇಖಿಸುವುದು. ಎಚ್-ಇಂಡೆಕ್ಸ್ ಲೆಕ್ಕವನ್ನು 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಮುಂದಿಟ್ಟರು. ತಲಾ 20 ಸಲವಾದರೂ ಉಲ್ಲೇಖಗೊಂಡ ಪೇಪರ್‌ಗಳು 20 ಇದ್ದರೆ ಎಚ್-ಇಂಡೆಕ್ಸ್ 20. ವರ್ಷ ಕಳೆದಂತೆ ಇದು ಏರುತ್ತದೆ, ಇಳಿಯುವುದಿಲ್ಲ. ಕೆಲಸ ಬಿಟ್ಟು ಸುಮ್ನೆ ಕೂತವರಿಗೂ ಹಳೆಯ ಪೇಪರ್‌ಗಳಿಂದ ಏರುತ್ತಾ ಹೋಗಬಹುದು. "ಇವರು ಹೇಳಿದ್ದು ತಪ್ಪು" ಅಂತ ಬರೆದು ಉಲ್ಲೇಖಿಸಿದರೂ ಅದು ಒಂದು ಸೈಟೇಶನ್ನೇ.

ನನ್ನ ಕೆಲಸ ಒಂದೊಂದೇ ನರಕೋಶದ ಕರೆಂಟ್ ಅಳೆಯುವುದು. ಸುಮಾರು ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಬಾಯಿಯ ಗಾಜಿನ ಪಿಪೆಟ್ಟನ್ನು, ಅಂದರೆ ತೆಳು ಕೊಳವೆಯನ್ನು, ಕೋಶದ ಪೊರೆಗೆ ತಾಗಿಸಿ, ಮೆಲ್ಲಗೆ ಗಾಳಿ ಎಳೆಯಬೇಕು. ಪೊರೆ ಗಾಜಿಗೆ ಬಿಗಿಯಾಗಿ ಅಂಟಿದರೆ ಒಂದು ಚಾನೆಲ್, ಅಂದರೆ ಕರೆಂಟ್ ಹಾದುಹೋಗುವ ಪೊರೆಯ ಸಣ್ಣ ಬಾಗಿಲು, ತೆರೆದು ಮುಚ್ಚುವುದೂ ಕಾಣುತ್ತದೆ. ಇದೇ ಪ್ಯಾಚ್ ಕ್ಲ್ಯಾಂಪ್. ನೆಹರ್ ಮತ್ತು ಸಾಕ್‌ಮನ್ 1976ರಲ್ಲಿ ಕಪ್ಪೆಯ ಸ್ನಾಯುವಿನಲ್ಲಿ ಮೊದಲ ಸಲ ಒಂಟಿ ಚಾನೆಲ್ಲಿನ ಕರೆಂಟ್ ಹಿಡಿದರು. 1981ರಲ್ಲಿ ಇನ್ನೂ ಮೂವರೊಂದಿಗೆ ಸೇರಿ, ಆ ಅಂಟುವಿಕೆಯನ್ನು ಬಿಗಿಗೊಳಿಸುವ ರೀತಿಯನ್ನು ವಿವರವಾಗಿ ಬರೆದರು. 1991ರಲ್ಲಿ ಇಬ್ಬರಿಗೂ ನೊಬೆಲ್ ಬಂತು. 1981ರ ಆ ಪೇಪರ್‌ಗೆ 10,000ಕ್ಕೂ ಜಾಸ್ತಿ ಸೈಟೇಶನ್ ಇದೆ. ಅದು ಹೇಳಿದ್ದು ಮುಖ್ಯವಾಗಿ "ಹೀಗೆ ಮಾಡಿ" ಅಂತ. ಮಾಡಿದವರೆಲ್ಲ ಉಲ್ಲೇಖಿಸಿದರು.

ಇಲ್ಲಿ ಒಂದು ಸಂಗತಿ ಗಮನಿಸಿ. ಜನ ಬಳಸುವುದನ್ನು ಉಲ್ಲೇಖಿಸುತ್ತಾರೆ. ಇಡೀ ವಿಜ್ಞಾನದಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡ ಪೇಪರ್ 1951ರಲ್ಲಿ ಲೌರಿ ಮತ್ತು ಸಂಗಡಿಗರು ಬರೆದದ್ದು. 3 ಲಕ್ಷಕ್ಕೂ ಜಾಸ್ತಿ. ಅದರಲ್ಲಿರುವುದು ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ. ಇನ್ನೊಂದು ಕಡೆ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ 1952ರಲ್ಲಿ ಬರೆದ ಪೇಪರ್‌ಗಳನ್ನು ನೋಡಿ. ನರದ ಸಂಕೇತ ಹೇಗೆ ಹುಟ್ಟುತ್ತದೆ ಅನ್ನೋದನ್ನು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ತೋರಿಸಿಕೊಟ್ಟರು. ಇವತ್ತು ಅದು ಪಠ್ಯಪುಸ್ತಕದ ಪಾಠ. "ಹಾಡ್ಜ್‌ಕಿನ್-ಹಕ್ಸ್ಲಿ ಮಾದರಿ" ಅಂತ ಬರೆದು, ಮೂಲ ಪೇಪರನ್ನು ಉಲ್ಲೇಖಿಸದೆ ಮುಂದೆ ಹೋಗುವವರು ಎಷ್ಟೋ ಜನ. ಎಲ್ಲರಿಗೂ ಗೊತ್ತಾದ ಮೇಲೆ ಹೆಸರು ಉಳಿಯುತ್ತದೆ, ಲೆಕ್ಕ ಅಷ್ಟಾಗಿ ಏರುವುದಿಲ್ಲ.

ನನಗೆ ತುಂಬ ಇಷ್ಟವಾದ ಕಥೆ ಸ್ಪೇನ್‌ನ ನರವಿಜ್ಞಾನಿ ಕಹಾಲ್ ಅವರದು. 1888ರಲ್ಲಿ ಅವರು ಸ್ವಂತ ದುಡ್ಡಿನಲ್ಲಿ ಜರ್ನಲ್ ಶುರು ಮಾಡಿ, ತಮ್ಮ ಪೇಪರ್‌ಗಳನ್ನು ಅದರಲ್ಲಿ ಹಾಕಿ, ಬೇರೆ ದೇಶದ ವಿಜ್ಞಾನಿಗಳಿಗೆ ಕಳಿಸುತ್ತಿದ್ದರು. ಬರಹ ಸ್ಪ್ಯಾನಿಷ್‌ನಲ್ಲಿತ್ತು, ಓದುವವರು ಕಡಿಮೆ. 1889ರಲ್ಲಿ ತಮ್ಮ ಸ್ಲೈಡ್‌ಗಳನ್ನು ಹೊತ್ತು ಬರ್ಲಿನ್‌ನಲ್ಲಿ ನಡೆದ ವಿಜ್ಞಾನಿಗಳ ಸಭೆಗೇ ಹೋದರು. ಕೋಲಿಕರ್‌ರಂಥ ಹಿರಿಯ ವಿಜ್ಞಾನಿಗಳು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡಿದರು, ಒಪ್ಪಿದರು. ನರಕೋಶಗಳು ಬಿಡಿಬಿಡಿಯಾದವು ಅನ್ನುವ ಮಾತಿಗೆ ಬಲ ಬಂತು. 1888ರಲ್ಲಿ ಯಾರಾದರೂ ಅವರ ಸೈಟೇಶನ್ ಎಣಿಸಿದ್ದರೆ ಏನು ಸಿಗುತ್ತಿತ್ತು? ಆ ಸ್ಲೈಡ್‌ಗಳಲ್ಲಿದ್ದ ಕೋಶಗಳು ಮಾತ್ರ ಎರಡೂ ವರ್ಷ ಅವೇ.

ನನ್ನ ವಿಷಯಕ್ಕೆ ಬಂದರೆ, ಜಾಸ್ತಿ ಉಲ್ಲೇಖಗೊಂಡದ್ದು ಒಂದು ಚಿಕ್ಕ ಪೇಪರ್. ಮೆದುಳಿನ ಸ್ಲೈಸನ್ನು ಇನ್ನಷ್ಟು ಹೊತ್ತು ಜೀವಂತ ಇಡುವ ದ್ರಾವಣದ ಬಗ್ಗೆ ಬರೆದದ್ದು. ಮೂರು ವರ್ಷ ಕತ್ತಲೆ ಕೋಣೆಯಲ್ಲಿ ಕೂತು, ಹತ್ತರಲ್ಲಿ ಎಂಟು ಕೋಶ ಕೈತಪ್ಪಿದರೂ ಬಿಡದೆ ಮಾಡಿದ ಕೆಲಸಕ್ಕೆ ಉಲ್ಲೇಖ ಬೆರಳೆಣಿಕೆಯಷ್ಟು. ಆದರೂ ನನಗೆ ಅದೇ ಹತ್ತಿರ.

ಹಾಗಾಗಿ ಲ್ಯಾಬ್ ಹುಡುಕುವವರಿಗೆ ನಾನು ಹೇಳೋದು ಇಷ್ಟು. ಒಟ್ಟು ಸಂಖ್ಯೆ ನೋಡಿ, ಅಲ್ಲಿಗೇ ನಿಲ್ಲಬೇಡಿ. ಆ ಪೇಪರ್‌ಗಳ ಮೊದಲ ಹೆಸರು ಯಾರದು ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಪ್ರಯೋಗ ಮಾಡಿದವರ ಹೆಸರು ಮೊದಲು, ಲ್ಯಾಬ್ ನಡೆಸುವವರದು ಕೊನೆಗೆ. ವಿದ್ಯಾರ್ಥಿಗಳ ಹೆಸರು ಮೊದಲಿದೆಯಾ? ಅವರು ಈಗ ಎಲ್ಲಿದ್ದಾರೆ? ಉಲ್ಲೇಖಗಳೆಲ್ಲ ರಿವ್ಯೂ ಲೇಖನಗಳಿಗೇ, ಅಂದರೆ ಆಗಲೇ ಆಗಿರುವ ಕೆಲಸಗಳನ್ನು ಒಟ್ಟುಗೂಡಿಸಿ ಬರೆದವುಗಳಿಗೇ, ಬಂದಿವೆಯಾ? ಆಮೇಲೆ ಒಂದು ಪೇಪರನ್ನಾದರೂ ಪೂರ್ತಿ ಓದಿ.

ನಾನೂ ಆಗಾಗ ನನ್ನ ಸೈಟೇಶನ್ ಪಟ್ಟಿ ತೆರೆಯುತ್ತೇನೆ, ಯಾರು ಏನು ಬರೆದಿದ್ದಾರೆ ಓದಲಿಕ್ಕೆ. ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿಯ ಪೇಪರ್ ಸಿಕ್ಕಿತು. ನಾವು ಎಳೆಯ ಇಲಿಗಳಲ್ಲಿ ಕಂಡದ್ದು ಬೆಳೆದ ಇಲಿಗಳಲ್ಲಿ ಕಾಣುವುದಿಲ್ಲ ಅಂತ ಆಕೆ ತೋರಿಸಿದ್ದಳು. ಎಳೆಯ ಮೆದುಳಿನ ಸ್ಲೈಸ್‌ನಲ್ಲಿ ಪ್ಯಾಚ್ ಮಾಡುವುದು ಸುಲಭ, ಅದಕ್ಕೇ ನಾವು ಅಲ್ಲೇ ನಿಂತಿದ್ದೆವು. ಅವಳ ರೆಕಾರ್ಡಿಂಗ್‌ಗಳನ್ನು ಎರಡು ಸಲ ನೋಡಿದೆ. ಅವಳು ಹೇಳಿದ್ದು ಸರಿ. ಈಗ ನಾವೂ ಬೆಳೆದ ಇಲಿಗಳ ಸ್ಲೈಸ್‌ನಲ್ಲಿ ಅದೇ ಪ್ರಯೋಗವನ್ನು ಮೊದಲಿನಿಂದ ಶುರು ಮಾಡಿದ್ದೇವೆ.