ಅವರೂ ನಮ್ಮ ನಬಿಗಳೇ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳೂ ಬರೆಯಬೇಕು ಅಂತ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಸಂದೇಶ ಬಂತು. ನಾನು ನೋಡುವಷ್ಟರಲ್ಲಿ ಕ್ಯಾಂಟೀನು, ದಸರಾ ರಜೆ, ಎನ್ನೆಸ್ಸೆಸ್ ಕ್ಯಾಂಪು ಎಲ್ಲ ಬೇರೆಯವರ ಪಾಲಾಗಿತ್ತು. ನನಗೆ ಮಾತ್ರ ಮೊದಲಿಂದಲೂ ಬರೆಯಬೇಕು ಅನ್ನಿಸಿದ್ದು ಎರಡನೇ ಬಿ.ಎ.ಯ ಇತಿಹಾಸದ ಕ್ಲಾಸಿನ ಬಗ್ಗೆ.

ಮೇಡಂ ಪಶ್ಚಿಮ ಏಷ್ಯಾದ ಪಾಠ ಮಾಡುತ್ತಿದ್ದರು. ಯಹೂದಿ ಧರ್ಮ ಆಯಿತು, ಕ್ರೈಸ್ತ ಧರ್ಮ ಆಯಿತು, ಇಸ್ಲಾಂ ಶುರುವಾಗಬೇಕು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಮೇಡಂ, ಮುಸ್ಲಿಮರಿಗೆ ಯೇಸು ಅಂದ್ರೆ ಆಗಲ್ಲ ಅಲ್ವಾ?" ಅಂದ. ಕೆಣಕೋಕೆ ಕೇಳಿದ್ದಲ್ಲ, ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಮೇಡಂ ನನ್ನ ಕಡೆ ತಿರುಗಿ, "ನೀನೇ ಹೇಳಮ್ಮ. ಈಗ ಬೇಡ, ಮುಂದಿನ ವಾರ ಸೆಮಿನಾರ್ ಕೊಡು. ಮನೆಯಲ್ಲಿ ಕೇಳಿಕೊಂಡು, ಲೈಬ್ರರಿಯಲ್ಲಿ ಓದಿಕೊಂಡು ಬಾ" ಅಂದರು.

ಆ ಹುಡುಗನ ಪ್ರಶ್ನೆಗೆ ಉತ್ತರ ಒಂದೇ ವಾಕ್ಯದ್ದು. ಈಸಾ ನಬಿಯನ್ನು, ಅಂದರೆ ಪ್ರವಾದಿ ಯೇಸುವನ್ನು, ಒಪ್ಪದವರು ಮುಸ್ಲಿಮರೇ ಅಲ್ಲ. ಮೂಸಾ (ಮೋಶೆ), ಇಬ್ರಾಹೀಮ್ (ಅಬ್ರಹಾಮ), ದಾವೂದ್ (ದಾವೀದ) ಅವರ ವಿಷಯದಲ್ಲೂ ಅಷ್ಟೇ. ಇದು ಇಷ್ಟವಿದ್ದರೆ ಗೌರವಿಸಿ, ಇಲ್ಲದಿದ್ದರೆ ಬಿಡಿ ಅನ್ನುವ ಮಾತಲ್ಲ, ಈಮಾನಿನ, ಅಂದರೆ ನಂಬಿಕೆಯ ಮಾತು. ಮೊಹಲ್ಲಾದ ಮದ್ರಸಾಕ್ಕೆ ಹೋಗುವ ಚಿಕ್ಕ ಮಕ್ಕಳು ಬಾಯಿಪಾಠ ಮಾಡುವ ಈಮಾನೆ ಮುಫಸ್ಸಲ್‌ನಲ್ಲೇ ಅಲ್ಲಾಹನ ಮೇಲೆ, ಅವನ ಮಲಕ್‌ಗಳ (ದೇವದೂತರ) ಮೇಲೆ, ಅವನ ಗ್ರಂಥಗಳ ಮೇಲೆ, ಅವನ ರಸೂಲರ (ಅವನು ಕಳಿಸಿದ ಪ್ರವಾದಿಗಳ) ಮೇಲೆ ನಂಬಿಕೆ ಇಟ್ಟೆ ಅಂತ ಬರುತ್ತದೆ. ಗ್ರಂಥಗಳು ಅಂದರೆ ಕುರ್‌ಆನ್ ಒಂದೇ ಅಲ್ಲ. ಮೂಸಾ ಅವರಿಗೆ ಬಂದ ತೌರಾತ್, ದಾವೂದ್ ಅವರಿಗೆ ಬಂದ ಝಬೂರ್, ಈಸಾ ಅವರಿಗೆ ಬಂದ ಇಂಜೀಲ್ ಕೂಡ ಸೇರಿ. ಅಲ್ಲಾಹನ ರಸೂಲರಲ್ಲಿ ಒಬ್ಬರನ್ನು ಒಪ್ಪಿ ಇನ್ನೊಬ್ಬರನ್ನು ಬಿಡುವ ಭೇದ ನಾವು ಮಾಡುವುದಿಲ್ಲ ಅನ್ನುವ ಮಾತು ಕುರ್‌ಆನ್‌ನ ಎರಡನೇ ಸೂರಾ, ಅಂದರೆ ಅಧ್ಯಾಯದಲ್ಲೇ ಎರಡು ಸಲ ಬರುತ್ತದೆ.

ಲೈಬ್ರರಿಯಲ್ಲಿ ಕೂತು ಲೆಕ್ಕ ಬರೆದುಕೊಂಡಾಗ ನನಗೇ ಆಶ್ಚರ್ಯ ಆಗಿತ್ತು. ಕುರ್‌ಆನ್‌ನಲ್ಲಿ ಹೆಸರು ಹೇಳಿರುವ ನಬಿಗಳು 25. ಅವರಲ್ಲಿ ಹೆಚ್ಚಿನವರು ಬೈಬಲ್‌ನಲ್ಲೂ ಇದ್ದಾರೆ. ಅತಿ ಹೆಚ್ಚು ಸಲ ಬರುವ ಹೆಸರು ಮೂಸಾ ಅವರದು, ಸುಮಾರು 136 ಸಲ. ಈಸಾ ಅವರ ಹೆಸರು 25 ಸಲ ಬರುತ್ತದೆ. ಮುಹಮ್ಮದ್ ಅನ್ನುವ ಹೆಸರು ಬರುವುದು 4 ಸಲ ಮಾತ್ರ. ಕ್ಲಾಸಿನಲ್ಲಿ ಈ ಅಂಕಿ ಹೇಳಿದಾಗ ನಮ್ಮವರೇ ಆದ ಇಬ್ಬರು ಹುಡುಗರು ನಂಬಲಿಲ್ಲ. ಮನೆಗೆ ಹೋಗಿ ಹುಡುಕಿ ನೋಡಿ ಬಂದರು.

ಪುಸ್ತಕಕ್ಕಿಂತ ಜಾಸ್ತಿ ಸಿಕ್ಕಿದ್ದು ಮಾತ್ರ ನಮ್ಮ ಅಜ್ಜಿ ನಾನಿಯಿಂದ. ಮೈಸೂರಿನ ಮಂಡಿ ಮೊಹಲ್ಲಾದ ನಮ್ಮ ಮನೆಯಲ್ಲಿ ನಾನಿ ಹೇಳುತ್ತಿದ್ದ ಕಥೆಗಳಲ್ಲಿ ನಬಿಗಳು ತೀರಾ ಹತ್ತಿರದವರ ಹಾಗೆ ಬಂದುಹೋಗುತ್ತಿದ್ದರು. ನಮಾಜಿಗೆ ಏಳೋಕೆ ಸೋಮಾರಿತನ ಮಾಡಿದರೆ ಮೂಸಾ ನಬಿಯ ಕಥೆ ಗ್ಯಾರಂಟಿ. ಮೇರಾಜಿನ, ಅಂದರೆ ಆಕಾಶಯಾನದ ರಾತ್ರಿ ನಮ್ಮ ಪ್ರವಾದಿ ಮುಹಮ್ಮದರು ಜೆರುಸಲೇಮಿನ ಬೈತುಲ್ ಮಕ್ದಿಸ್‌ನಲ್ಲಿ ಎಲ್ಲ ನಬಿಗಳಿಗೂ ನಮಾಜ್ ಮಾಡಿಸಿ ಆಕಾಶಕ್ಕೆ ಹೋದರು. ಅಲ್ಲಿ ದಿನಕ್ಕೆ 50 ಹೊತ್ತಿನ ನಮಾಜ್ ಅಂತ ಅಪ್ಪಣೆಯಾಯಿತು. ವಾಪಸ್ ಬರುವಾಗ ದಾರಿಯಲ್ಲಿ ಮೂಸಾ ಸಿಕ್ಕಿ, "ನಿಮ್ಮ ಜನರ ಕೈಲಿ ಇದು ಆಗಲ್ಲ, ನನ್ನ ಜನ ಬನೀ ಇಸ್ರಾಯೀಲರನ್ನು ನಾನು ನೋಡಿದ್ದೇನೆ, ಹೋಗಿ ಕಡಿಮೆ ಮಾಡಿಸಿಕೊಂಡು ಬನ್ನಿ" ಅಂದರು. ಹೀಗೆ ಹೋಗಿ ಬಂದು, ಹೋಗಿ ಬಂದು, ಕೊನೆಗೆ 5 ಹೊತ್ತಿಗೆ ನಿಂತಿತು. "ಮೂಸಾ ನಬಿ ನಿಮಗೋಸ್ಕರ ಅಷ್ಟು ಮಾತಾಡಿದರು, ಐದು ಹೊತ್ತೂ ಏಳೋಕೆ ಆಗಲ್ವಾ?" ಅಂತ ನಾನಿ ಕೇಳಿದರೆ ಏಳಲೇಬೇಕಿತ್ತು. ಪ್ರವಾದಿಯವರ ಮಾತು, ನಡೆಗಳ ದಾಖಲೆಯಾದ ಹದೀಸ್‌ನಲ್ಲಿ ಇರುವ ಘಟನೆ ಇದು. ನಾವು ದಿನಕ್ಕೆ ಐದು ಸಲ ನಮಾಜ್ ಮಾಡುವುದರ ಹಿಂದೆ ಯಹೂದಿಗಳ ಅತಿ ದೊಡ್ಡ ಪ್ರವಾದಿಯ ಮಾತಿದೆ ಅಂತ ನಾವು ನಂಬುತ್ತೇವೆ. ಆ ನಮಾಜಿನ ಕೊನೆಯಲ್ಲಿ ಕೂತು ಓದುವ ದುರೂದ್ ಅನ್ನುವ ಪ್ರಾರ್ಥನೆಯಲ್ಲಿ ಇಬ್ರಾಹೀಮ್ ಅವರ ಮೇಲೆ, ಅವರ ಮನೆತನದ ಮೇಲೆ ಕೃಪೆ ತೋರಿದ ಹಾಗೆ ಅಂತ ಬೇಡಿಕೊಳ್ಳುತ್ತೇವೆ. ಅಂದರೆ ಇಬ್ರಾಹೀಮರ ಹೆಸರು ಎತ್ತದೆ ನಮ್ಮ ಯಾವ ದಿನವೂ ಮುಗಿಯುವುದಿಲ್ಲ.

ಸೆಮಿನಾರಿಗೆ ಎರಡು ದಿನ ಮುಂಚೆ ನಮ್ಮ ಮನೆಯಲ್ಲಿ ಆಯತೆ ಕರೀಮಾ ಓದಿಸುವುದಿತ್ತು. ಚಿಕ್ಕಪ್ಪನಿಗೆ ಆಪರೇಷನ್ ಆಗಬೇಕಿತ್ತು, ಎಲ್ಲರಿಗೂ ಭಯ. ನಡುಮನೆಯಲ್ಲಿ ಬಿಳಿ ಚಾದರ ಹಾಸಿ, ಮಧ್ಯಕ್ಕೆ ತೊಳೆದು ಒಣಗಿಸಿದ ಹುಣಸೆ ಬೀಜಗಳ ರಾಶಿ ಸುರಿದು, ಬೀದಿಯ ಹೆಂಗಸರೆಲ್ಲ ಸುತ್ತ ಕೂತಿದ್ದರು. ಯೂನುಸ್ ನಬಿ ಮೀನಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಾಗ ಕತ್ತಲಲ್ಲಿ ಮಾಡಿದ ದುವಾ, ಅಂದರೆ ಬೇಡಿಕೆ, ಈ ಆಯತೆ ಕರೀಮಾ. ನಿನ್ನ ಹೊರತು ಬೇರೆ ದೇವರಿಲ್ಲ, ನೀನು ಪರಿಶುದ್ಧ, ತಪ್ಪು ನನ್ನದೇ ಅನ್ನುವಷ್ಟು ಚಿಕ್ಕ ದುವಾ. ಒಂದು ಸಲ ಓದಿ ಒಂದು ಬೀಜ ಈ ಕಡೆಯಿಂದ ಆ ಕಡೆ ಹಾಕಬೇಕು. ಒಂದೂಕಾಲು ಲಕ್ಷ ಸಲ ಆಗುವವರೆಗೆ ಓದುವುದು ನಮ್ಮ ಕಡೆಯ ವಾಡಿಕೆ. ನೋಟ್ಸ್ ತಗೊಂಡು ಹೋಗೋಕೆ ಬಂದ ನನ್ನ ಕ್ಯಾಥೊಲಿಕ್ ಗೆಳತಿ ಬಾಗಿಲಲ್ಲೇ ನಿಂತು, ಏನಿದು ಅಂತ ಕೇಳಿದಳು. ಹೇಳಿದೆ. "ಯೋನ! ಮೂರು ದಿನ ಮೀನಿನ ಹೊಟ್ಟೆಯಲ್ಲಿ ಇದ್ದವನು. ಭಾನುವಾರದ ಕ್ಲಾಸಲ್ಲಿ ನಮಗೂ ಹೇಳಿಕೊಟ್ಟಿದ್ದಾರೆ ಕಣೇ" ಅಂದಳು. ನಾನಿ ತಲೆ ಎತ್ತಿ, "ನಿಮ್ಮಲ್ಲೂ ಮೀನು ಇದೆಯಾ ಬೇಟಿ?" ಅಂತ ಕೇಳಿ ಅವಳಿಗೂ ಜಾಗ ಮಾಡಿಕೊಟ್ಟರು. ಅವಳು ದುವಾ ಓದಲಿಲ್ಲ, ಓದು ಅಂತ ಯಾರೂ ಹೇಳಲೂ ಇಲ್ಲ. ಓದಿ ಮುಗಿದ ಬೀಜಗಳನ್ನು ನೂರು ನೂರರ ಗುಂಪು ಮಾಡಿ ಇಡುತ್ತಾ ಸಂಜೆಯವರೆಗೂ ಕೂತಿದ್ದಳು. ಚಿಕ್ಕಪ್ಪ ಹುಷಾರಾದರು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಸೆಮಿನಾರಿನ ದಿನ ನಾನು ಬರೆದುಕೊಂಡು ಹೋಗಿದ್ದರಲ್ಲಿ ಸಾಮ್ಯದ ವಿಷಯಗಳೇ ತುಂಬಿದ್ದವು. ಮೇಡಂ ಅರ್ಧದಲ್ಲೇ ತಡೆದು, "ಎಲ್ಲಾ ಒಂದೇ ಅಂತ ಹೇಳಿ ಮುಗಿಸಬೇಡ. ಎಲ್ಲಿ ಬೇರೆ ಆಗ್ತೀರಿ ಅದನ್ನೂ ಹೇಳು. ಅದನ್ನ ಮುಚ್ಚಿಟ್ಟರೆ ಇಬ್ಬರಿಗೂ ಮೋಸ" ಅಂದರು. ಆ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಈಗಲೂ ಯಾರಾದರೂ ಸರ್ವಧರ್ಮ ಅಂತ ಸುಮ್ನೆ ಮೇಲೆ ಮೇಲೆ ಮಾತಾಡಿದರೆ ನನಗೆ ಸಮಾಧಾನ ಆಗುವುದಿಲ್ಲ.

ಬೇರೆ ಆಗುವ ಕಡೆಗಳೂ ಬೇಕಾದಷ್ಟಿವೆ. ಬಕ್ರೀದ್ ಇಬ್ರಾಹೀಮರ ತ್ಯಾಗದ ನೆನಪಿನ ಹಬ್ಬ. ಮಗನನ್ನು ಬಲಿ ಕೊಡುವ ಕನಸು ಕಂಡು, ಮಗನನ್ನೇ ಕೇಳಿ, ಅವನು ಒಪ್ಪಿ, ಕೊನೆಗೆ ಅಲ್ಲಾಹನೇ ತಡೆದು ಬೇರೆ ಬಲಿ ಕೊಡಿಸಿದ. ಬೈಬಲ್‌ನಲ್ಲಿ ಆ ಮಗ ಇಸಾಕ. ಕುರ್‌ಆನ್ ಆ ಜಾಗದಲ್ಲಿ ಮಗನ ಹೆಸರು ಹೇಳುವುದಿಲ್ಲ, ಆದರೆ ಮುಸ್ಲಿಮರಲ್ಲಿ ಹೆಚ್ಚಿನವರು ನಂಬುವುದು ಇನ್ನೊಬ್ಬ ಮಗ ಇಸ್ಮಾಯೀಲ್ ಅಂತ. ಹಾಗಂತ ಇಸ್ಹಾಕ್ ನಮಗೆ ಕಡಿಮೆಯವರಲ್ಲ, ಅವರೂ ನಬಿ, ಅವರ ಮಗ ಯಾಕೂಬ್ ನಬಿ, ಯಾಕೂಬರ ಮಗ ಯೂಸುಫ್ ನಬಿ. ನೋಹ ಕುಡಿದು ಮಲಗಿದ್ದು, ದಾವೀದ ಬೇರೆಯವನ ಹೆಂಡತಿಯನ್ನು ಬಯಸಿದ್ದು, ಇಂಥ ಕಥೆಗಳು ಬೈಬಲ್‌ನಲ್ಲಿವೆ, ನಾವು ಒಪ್ಪುವುದಿಲ್ಲ. ನಬಿಗಳನ್ನು ಅಲ್ಲಾಹ ದೊಡ್ಡ ಪಾಪಗಳಿಂದ ಕಾಪಾಡಿರುತ್ತಾನೆ ಅನ್ನುವುದು ನಮ್ಮ ನಂಬಿಕೆ. ದಾವೂದ್, ಸುಲೈಮಾನ್ (ಸೊಲೊಮೋನ) ಅವರನ್ನು ಯಹೂದಿಗಳು ಮುಖ್ಯವಾಗಿ ರಾಜರಾಗಿ ನೋಡುತ್ತಾರೆ, ನಮಗೆ ಅವರು ರಾಜರೂ ಹೌದು, ನಬಿಗಳೂ ಹೌದು. ಗೆಳತಿ ಎದ್ದು, "ನಮ್ಮ ಪ್ರವಾದಿಗಳಾದ ಯೆಶಾಯ, ಯೆರೆಮೀಯ ಎಲ್ಲಿ ಹಾಗಾದರೆ?" ಅಂದಳು. ಅವರ ಹೆಸರು ಕುರ್‌ಆನ್‌ನಲ್ಲಿ ಇಲ್ಲ. ಹೂದ್, ಸಾಲಿಹ್ ಕುರ್‌ಆನ್‌ನಲ್ಲಿದ್ದಾರೆ, ಬೈಬಲ್‌ನಲ್ಲಿ ಇಲ್ಲ.

ಆಗ ಎದ್ದವಳು ಮಂಡ್ಯದ ಕಡೆಯ ಇನ್ನೊಬ್ಬ ಗೆಳತಿ. ಅವರಪ್ಪ ಕಬ್ಬು ಬೆಳೆಯುವವರು, ಅವಳದು ನೇರ ಮಾತು. "ಅಲ್ಲ ಕಣೇ, ಎಲ್ಲಾ ನಬಿಗಳೂ ಆ ಕಡೆಯೇ ಹುಟ್ಟಿದ್ರಾ? ನಮ್ಮ ಕಡೆಗೆ ಯಾರನ್ನೂ ಕಳಿಸಲೇ ಇಲ್ವಾ ನಿಮ್ಮ ದೇವರು?" ಕ್ಲಾಸೆಲ್ಲ ನಕ್ಕಿತು, ಮೇಡಂ ನಗಲಿಲ್ಲ. ಒಳ್ಳೆಯ ಪ್ರಶ್ನೆ ಅಂತ ಅವರಿಗೂ ಗೊತ್ತಿತ್ತು. ಎಲ್ಲ ಜನಾಂಗಕ್ಕೂ ಎಚ್ಚರಿಸುವವರನ್ನು ಕಳಿಸಿದ್ದೇನೆ ಅಂತ ಕುರ್‌ಆನ್ ಹೇಳುತ್ತದೆ. ಕೆಲವರ ಕಥೆ ನಿನಗೆ ಹೇಳಿದ್ದೇನೆ, ಕೆಲವರದು ಹೇಳಿಲ್ಲ ಅಂತಲೂ ಹೇಳುತ್ತದೆ. ಒಂದು ಲಕ್ಷದ 24 ಸಾವಿರ ನಬಿಗಳು ಅನ್ನುವ ಮಾತು ನಮ್ಮ ಮನೆಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಹಾಗಾಗಿ ಈ ನೆಲಕ್ಕೂ ಬಂದಿರಲೇಬೇಕು. ಆದರೆ ಹೆಸರು ಹೇಳದ ಕಡೆ ನಾವಾಗಿ ಹೆಸರು ಸೇರಿಸುವುದಿಲ್ಲ, ಅಲ್ಲ ಅಂತ ಹೇಳುವ ಹಕ್ಕೂ ನಮಗಿಲ್ಲ. ಇಷ್ಟು ಹೇಳಿದೆ. "ಸರಿ, ಇದು ನ್ಯಾಯ" ಅಂತ ಕೂತಳು.

ಆ ವರ್ಷದ ಡಿಸೆಂಬರಿನಲ್ಲಿ ಮೂವರೂ ಅಶೋಕ ರಸ್ತೆಯ ಸೇಂಟ್ ಫಿಲೋಮಿನಾ ಚರ್ಚಿಗೆ ಕ್ರಿಸ್‌ಮಸ್ ಗೋದಲಿ ನೋಡಲು ಹೋಗಿದ್ದೆವು. 175 ಅಡಿಯ ಆ ಅವಳಿ ಗೋಪುರಗಳನ್ನು ದಿನಾ ನೋಡಿದರೂ ಒಳಗಿನ ಬಣ್ಣದ ಗಾಜಿನ ಕಿಟಕಿಗಳನ್ನು ಹತ್ತಿರದಿಂದ ನೋಡಿದ್ದು ಅವತ್ತೇ. ಕ್ಯಾಥೊಲಿಕ್ ಗೆಳತಿ ಒಂದೊಂದನ್ನೂ ತೋರಿಸಿ ಹೇಳುತ್ತಾ ಹೋದಳು. ಯೇಸುವಿನ ಜನನ. ಇಲ್ಲಿ ನಾವಿಬ್ಬರೂ ಒಂದೇ, ತಂದೆಯಿಲ್ಲದೆ ಕನ್ಯೆ ಮರ್ಯಮರಿಗೆ ಹುಟ್ಟಿದವರು ಅಂತ ನಾವೂ ನಂಬುತ್ತೇವೆ. ತೊಟ್ಟಿಲಲ್ಲೇ ಮಾತಾಡಿದರು, ಅಲ್ಲಾಹನ ಅಪ್ಪಣೆಯಿಂದ ಕುರುಡರಿಗೆ ಕಣ್ಣು ಕೊಟ್ಟರು, ಸತ್ತವರನ್ನು ಎಬ್ಬಿಸಿದರು ಅಂತಲೂ ಕುರ್‌ಆನ್‌ನಲ್ಲಿದೆ. ಕಡೆಯ ಭೋಜನದ ಕಿಟಕಿ ಆಯಿತು, ಶಿಲುಬೆಯ ಕಿಟಕಿ ಬಂತು. ಅಲ್ಲಿ ನಾನು ಮೆಲ್ಲಗೆ, "ನಮ್ಮಲ್ಲಿ ಹೀಗಿಲ್ಲ" ಅಂದೆ. ಅವರನ್ನು ಕೊಲ್ಲಲೂ ಇಲ್ಲ, ಶಿಲುಬೆಗೆ ಏರಿಸಲೂ ಇಲ್ಲ, ಅಲ್ಲಾಹ ತನ್ನ ಕಡೆಗೆ ಎತ್ತಿಕೊಂಡ ಅನ್ನುವುದು ಕುರ್‌ಆನ್‌ನ ಮಾತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೆ ಎಲ್ಲಾ ಇರೋದೇ ಇದರಲ್ಲಿ ಕಣೇ" ಅಂದಳು. ಅದು ನನಗೆ ಗೊತ್ತಿತ್ತು. ಅವಳ ನಂಬಿಕೆಯ ನಟ್ಟನಡುವಿನ ಮಾತನ್ನೇ ನನ್ನ ನಂಬಿಕೆ ಒಪ್ಪುವುದಿಲ್ಲ. ದೇವರ ಮಗ ಅನ್ನುವುದನ್ನೂ ಒಪ್ಪುವುದಿಲ್ಲ. ಈಸಾ ನಮಗೆ ಮಸೀಹ್ (ಕ್ರಿಸ್ತ), ದೊಡ್ಡ ನಬಿ, ಲೋಕದ ಕೊನೆಗಾಲದಲ್ಲಿ ಮತ್ತೆ ಬರುವವರು, ಆದರೆ ಅಲ್ಲಾಹನ ಬಂದೆ, ಅವನ ದಾಸ. ಯಾವ ನಬಿಯನ್ನೂ ನಾವು ಪೂಜಿಸುವುದಿಲ್ಲ, ನಮ್ಮ ಪ್ರವಾದಿಯವರನ್ನೂ ಸೇರಿಸಿ. ಇಷ್ಟೆಲ್ಲ ಮಾತಾಡಿಕೊಂಡೇ ನಾವು ಹೊರಗೆ ಬಂದು ಕಡಲೆಕಾಯಿ ತಿಂದೆವು. ಗೆಳೆತನಕ್ಕೆ ಏನೂ ಆಗಲಿಲ್ಲ. ಅವಳೂ ಸುಳ್ಳು ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಯಹೂದಿ ಗೆಳತಿ ಮಾತ್ರ ನಮಗೆ ಇರಲಿಲ್ಲ, ಮೈಸೂರಿನಲ್ಲಿ ಎಲ್ಲಿ ಸಿಗಬೇಕು. ಆ ಭಾಗವನ್ನು ಮೇಡಂ ಸ್ವತಃ ತುಂಬಿಸಿಕೊಟ್ಟರು, ಮೊಹರಂ ತಿಂಗಳ 10ನೇ ದಿನದ ಆಶೂರಾ ಉಪವಾಸದ ಬಗ್ಗೆ ಕೇಳುತ್ತಾ. ಪ್ರವಾದಿಯವರು ಮದೀನಾಕ್ಕೆ ಬಂದಾಗ ಅಲ್ಲಿನ ಯಹೂದಿಗಳು ಆ ದಿನ ಉಪವಾಸ ಇದ್ದರು. ಏಕೆ ಅಂತ ಕೇಳಿದರೆ, ಮೂಸಾ ಮತ್ತು ಅವರ ಜನ ಈಜಿಪ್ಟಿನ ದೊರೆ ಫಿರೌನನಿಂದ ಪಾರಾದ ದಿನ ಅಂದರು. ಮೂಸಾ ಅವರ ಮೇಲೆ ನಮಗೆ ಇನ್ನೂ ಹೆಚ್ಚು ಹಕ್ಕಿದೆ ಅಂತ ಹೇಳಿ ಪ್ರವಾದಿಯವರೂ ಉಪವಾಸ ಮಾಡಿದರು. ಮೊಹರಂ 10ರಂದು, ಜೊತೆಗೆ 9ರಂದೂ, ನಮ್ಮಲ್ಲಿ ಎಷ್ಟೋ ಜನ ಇವತ್ತಿಗೂ ಉಪವಾಸ ಇರುತ್ತಾರೆ. ಮೊಹರಂ ಅಂದರೆ ಪ್ರವಾದಿಯವರ ಮೊಮ್ಮಗ ಹುಸೇನರು ಹತರಾದ ಕರ್ಬಲಾ ಅಂತ ಎಲ್ಲರಿಗೂ ಗೊತ್ತು, ಅದು ದೊಡ್ಡ ದುಃಖ. ಅದೇ ದಿನಕ್ಕೆ ಮೂಸಾ ಅವರ ಬಿಡುಗಡೆಯ ನೆನಪೂ ಇದೆ ಅಂತ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ.

ಆ ಸೆಮಿನಾರನ್ನು ಈಗ ಕೊಡುವುದಾದರೆ ಮರ್ಯಮರಿಂದ ಶುರು ಮಾಡುತ್ತೇನೆ. ಕುರ್‌ಆನ್‌ನಲ್ಲಿ ಹೆಸರು ಹೇಳಿ ಕರೆದಿರುವ ಹೆಂಗಸು ಅವರೊಬ್ಬರೇ. 19ನೇ ಸೂರಾಕ್ಕೆ ಅವರದೇ ಹೆಸರು. ಹೆರಿಗೆ ನೋವು ಬಂದು ಖರ್ಜೂರದ ಮರದ ಬುಡಕ್ಕೆ ಒರಗಿ, ಇದಕ್ಕಿಂತ ಮುಂಚೆ ನಾನು ಸತ್ತುಹೋಗಿದ್ದರೆ ಚೆನ್ನಾಗಿತ್ತು ಅಂತ ಅಳುತ್ತಾರೆ. ದುಃಖಿಸಬೇಡ, ಮರ ಅಲುಗಿಸು, ಹಣ್ಣು ಬೀಳುತ್ತದೆ, ತಿನ್ನು, ಕುಡಿ ಅಂತ ದನಿ ಕೇಳಿಸುತ್ತದೆ. ಎರಡು ಮಕ್ಕಳನ್ನು ಹೆತ್ತ ಮೇಲೆ ಈ ಆಯತ್‌ಗಳನ್ನು ಓದುವಾಗ ನನಗೆ ಗಂಟಲು ಕಟ್ಟುತ್ತದೆ. ಮಕ್ಕಾದಲ್ಲಿ ಹಿಂಸೆ ತಾಳಲಾರದೆ ಮೊದಲ ಮುಸ್ಲಿಮರಲ್ಲಿ ಕೆಲವರು ಅಬಿಸೀನಿಯಾಕ್ಕೆ (ಇವತ್ತಿನ ಇಥಿಯೋಪಿಯಾದ ಕಡೆ) ಹೋದಾಗ ಅಲ್ಲಿನ ಕ್ರೈಸ್ತ ರಾಜ ನಜಾಶಿಯ ಮುಂದೆ ಅವರಲ್ಲೊಬ್ಬರಾದ ಜಾಫರ್ ಓದಿದ್ದು ಇದೇ ಸೂರಾದ ಸಾಲುಗಳನ್ನು. ಕೇಳಿ ರಾಜ ಅತ್ತ, ಹಿಡಿದುಕೊಡಿ ಅಂತ ಬಂದಿದ್ದ ಮಕ್ಕಾದವರನ್ನು ಬರಿಗೈಲಿ ವಾಪಸ್ ಕಳಿಸಿದ ಅಂತ ನಮ್ಮ ಇತಿಹಾಸಕಾರರು ಬರೆದಿದ್ದಾರೆ. ಆ ರಾಜ ತೀರಿಕೊಂಡ ಸುದ್ದಿ ತಿಳಿದಾಗ ಪ್ರವಾದಿಯವರು ಮದೀನಾದಲ್ಲೇ ನಿಂತು ಅವನಿಗಾಗಿ ಜನಾಜಾ (ಅಂತ್ಯಕ್ರಿಯೆಯ) ನಮಾಜ್ ಮಾಡಿದರು.

ಮೊನ್ನೆ ಈ ಲೇಖನ ಬರೆಯುತ್ತಿದ್ದೇನೆ ಅಂತ ಆ ಕ್ಯಾಥೊಲಿಕ್ ಗೆಳತಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಕಳಿಸೇ, ಓದುತ್ತೇನೆ ಅಂದಳು. ಕನ್ನಡ ಅನುವಾದದ ಪುಟಗಳ ಫೋಟೋ ತೆಗೆದು ಕಳಿಸಿದೆ. ಅವಳು ಲೂಕನ ಸುವಾರ್ತೆಯ ಮೊದಲ ಅಧ್ಯಾಯ ಕಳಿಸಿದಳು. ಎರಡರಲ್ಲೂ ಮರಿಯಳಿಗಿಂತ ಮುಂಚೆ ಬರುವುದು ಮಕ್ಕಳಿಲ್ಲದ ಮುದುಕ ಜಕರೀಯನ ಕಥೆ. ಎರಡರಲ್ಲೂ ಮಗ ಹುಟ್ಟುವ ಸುದ್ದಿ ಕೇಳಿದ ಮೇಲೆ ಅವರ ಮಾತು ನಿಲ್ಲುತ್ತದೆ. ಲೂಕನಲ್ಲಿ ಅದು ಸುದ್ದಿ ನಂಬಲಿಲ್ಲ ಅಂತ, ಮಗು ಹುಟ್ಟಿ ಹೆಸರಿಡುವವರೆಗೆ. ಕುರ್‌ಆನ್‌ನಲ್ಲಿ ಅವರೇ ಕೇಳಿಕೊಂಡ ಗುರುತಾಗಿ, ಮೂರು ರಾತ್ರಿ ಮಾತ್ರ. ಶಿಕ್ಷೆಯೋ ಗುರುತೋ ಅಂತ ಅವಳು ನಿನ್ನೆ ರಾತ್ರಿ ಉದ್ದದ ವಾಯ್ಸ್ ಮೆಸೇಜ್ ಕಳಿಸಿದ್ದಾಳೆ, ಇನ್ನು ನಾನು ಉತ್ತರ ಕೊಡಬೇಕು.