ಕೊಬ್ಬರಿ ಎಂದು ಹುಡುಕಿದರೆ ಸಿಗದ ಕಡತ

ತಿಪಟೂರಿನ ಮಂಡಿಯೊಂದರ ಗುಮಾಸ್ತರು ಕಳೆದ ತಿಂಗಳು ಬೆಳಿಗ್ಗೆಯೇ ಫೋನ್ ಮಾಡಿ, "ಸಾರ್, ತೂಕದ ಚೀಟಿಯಲ್ಲಿ ಚೀಲದ ತೂಕ ಎರಡು ಸಲ ಕಳೀತಾ ಇದೆ, ರೈತರು ಕೇಳಿದರೆ ಏನು ಹೇಳಲಿ?" ಎಂದರು. ತುಮಕೂರಿನಲ್ಲಿ ಕುಳಿತು 15 ವರ್ಷಗಳಿಂದ ಮಂಡಿಗಳ ಲೆಕ್ಕದ ತಂತ್ರಾಂಶ ಬರೆಯುತ್ತಿರುವ ನನಗೆ ಇದಕ್ಕಿಂತ ಗಾಬರಿ ಹುಟ್ಟಿಸುವ ಮಾತು ಬೇರೆ ಇಲ್ಲ. ಚೀಲಕ್ಕೆ ಒಂದು ಕಿಲೋ ಹೆಚ್ಚಾಗಿ ಕಡಿತವಾದರೂ ಸಾಕು, 50 ಚೀಲ ತಂದ ರೈತನಿಗೆ ಅರ್ಧ ಕ್ವಿಂಟಲ್ ಕೊಬ್ಬರಿಯ ಹಣ ತಪ್ಪಿಹೋಗುತ್ತದೆ. ಅಂದಿನ ಚೀಟಿಗಳನ್ನು ಕೈಯಲ್ಲೇ ಬರೆಯುವಂತೆ ಅವರಿಗೆ ಹೇಳಿ, ನಾನು ಮೂಲ ಕಡತಗಳ ಮುಂದೆ ಕುಳಿತೆ.

ಕಾರಣದ ಅಂದಾಜು ನನಗಿತ್ತು. ಚೀಲದ ಕಡಿತವನ್ನು ಹಿಂದೆ ಸರಕಿಗೊಂದರಂತೆ ಬೇರೆ ಬೇರೆ ನಿಯಮದ ಕಡತಗಳಲ್ಲಿ ಬರೆದಿದ್ದೆವು. ಹೊಸ ಆವೃತ್ತಿಯಲ್ಲಿ ಅದನ್ನು ಮುಖ್ಯ ಪ್ರೋಗ್ರಾಮಿಗೆ ತಂದು, ಹಳೆಯ ನಿಯಮಗಳನ್ನು ಹುಡುಕಿ ಹುಡುಕಿ ಅಳಿಸಿದ್ದೆ. 'ಕೊಬ್ಬರಿ' ಎಂದು ಕೊನೆಯ ಸಲ ಹುಡುಕಿದಾಗ ಮುಖ್ಯ ಪ್ರೋಗ್ರಾಮಿನ ಸಾಲುಗಳಲ್ಲದೆ ಬೇರೇನೂ ಬರಲಿಲ್ಲವಾದ್ದರಿಂದ ಕೆಲಸ ಮುಗಿಯಿತೆಂದು ನಂಬಿದ್ದೆ. ಆ ಬೆಳಿಗ್ಗೆ ಮತ್ತೆ ಅದೇ ಪದವನ್ನು ಹುಡುಕಿದೆ. ಅದೇ ಉತ್ತರ ಬಂತು.

ನಾನು ಮೊದಲು ಕೈಹಾಕುವುದು ಯಾವಾಗಲೂ ಗ್ರೆಪ್‌ಗೇ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ 1973ರ ಸುಮಾರಿಗೆ ಬರೆದ ಈ ಸಲಕರಣೆ, ಕಡತವನ್ನು ಸಾಲುಸಾಲಾಗಿ ಓದಿ, ಕೊಟ್ಟ ಮಾದರಿಗೆ ಹೊಂದುವ ಸಾಲುಗಳನ್ನು ಮುಂದಿಡುತ್ತದೆ. ಅದಕ್ಕೆ ಸೂಚಿ (ಯಾವುದು ಎಲ್ಲಿದೆಯೆಂದು ಮುಂಚೆಯೇ ಮಾಡಿಟ್ಟ ಪಟ್ಟಿ) ಬೇಡ, ಪೂರ್ವಸಿದ್ಧತೆಯೂ ಬೇಡ. ಈಗ ನಾನು ಬಳಸುವುದು 2016ರಲ್ಲಿ ಆಂಡ್ರ್ಯೂ ಗ್ಯಾಲಂಟ್ ಅವರು ಹೊರತಂದ ರಿಪ್‌ಗ್ರೆಪ್. ಅದು ಬಹಳ ವೇಗವಾದದ್ದು, ಆದರೆ, ಕಡತಗಳ ಬದಲಾವಣೆಯ ಇತಿಹಾಸವನ್ನು ಕಾಯುವ ಗಿಟ್ ಕಡೆಗಣಿಸಬೇಕೆಂದು ಪಟ್ಟಿಮಾಡಿದ ಕಡತಗಳನ್ನೂ ಅಡಗಿಸಿದ ಕಡತಗಳನ್ನೂ ತಾನಾಗಿಯೇ ಬಿಟ್ಟುಬಿಡುತ್ತದೆ. ಹಾಗಾಗಿ ಆ ಮಿತಿಗಳನ್ನೆಲ್ಲ ತೆಗೆದು ಇನ್ನೊಮ್ಮೆ ಓಡಿಸಿದೆ; ಫಲಿತಾಂಶ ಬದಲಾಗಲಿಲ್ಲ.

ಮುಂದಿನದು ಸಿ-ಸ್ಕೋಪ್, ಸಿ ಭಾಷೆಯ ಪ್ರೋಗ್ರಾಮುಗಳಿಗೆ ಸೂಚಿ ಕಟ್ಟಿಕೊಂಡು ಹುಡುಕುವ ಸಲಕರಣೆ. ಅದೇ ಬಗೆಯ ಸಿ-ಟ್ಯಾಗ್ಸ್ ಒಂದು ಫಂಕ್ಷನ್ (ಒಂದು ಕೆಲಸ ಮಾಡುವ ಪ್ರೋಗ್ರಾಮಿನ ತುಣುಕು) ಎಲ್ಲಿ ಹುಟ್ಟಿತೆಂದು ಹೇಳಿದರೆ, ಸಿ-ಸ್ಕೋಪ್ ಅದನ್ನು ಯಾರು ಯಾರು ಕರೆಯುತ್ತಾರೆಂದೂ ಹೇಳುತ್ತದೆ. ತೂಕ ಕಳೆಯುವ ಫಂಕ್ಷನ್ನನ್ನು ಒಂದೇ ಜಾಗದಿಂದ ಕರೆಯಲಾಗಿದೆ ಎಂದು ಅದು ತೋರಿಸಿತು. ಅದು ಹೇಳಿದ್ದು ಸುಳ್ಳೇನಲ್ಲ, ಆದರೆ ನಮ್ಮ ನಿಯಮದ ಕಡತಗಳು ಸಿ ಭಾಷೆಯವಲ್ಲವಾದ್ದರಿಂದ ಅವು ಆ ಸೂಚಿಯೊಳಗೆ ಬಂದೇ ಇರಲಿಲ್ಲ. ಯಾವ ಸಲಕರಣೆಯಾದರೂ 'ಇಲ್ಲ' ಎಂದಾಗ ಅದು ನೋಡಿದ ಜಾಗ ಎಷ್ಟು ಎಂದು ಕೇಳದೆ ಆ ಉತ್ತರವನ್ನು ಒಪ್ಪಬಾರದೆಂಬುದು ನನಗೆ ಆ ಹೊತ್ತಿನಲ್ಲಿ ಮೈಗೆ ಹತ್ತಿತು.

ಕೊನೆಗೆ ದಾರಿ ತೋರಿಸಿದ್ದು ಅಕ್ಷರವಲ್ಲ, ಅಂಕಿ. ಮೊದಮೊದಲು ಚೀಲದ ತೂಕವನ್ನು 0.65 ಎಂದು ನಿಯಮದಲ್ಲೇ ಬರೆದಿದ್ದು, ಆಮೇಲೆ ಅದನ್ನು ಒಂದು ಕೋಷ್ಟಕಕ್ಕೆ ಸಾಗಿಸಿದ್ದೆವೆಂಬುದು ನೆನಪಾಯಿತು. ಇಂದಿನ ಕಡತಗಳಲ್ಲಿ ಆ ಅಂಕಿ ಇಲ್ಲದಿದ್ದರೂ ಗಿಟ್‌ನ ಇತಿಹಾಸದಲ್ಲಿ ಇರಲೇಬೇಕು. ಗಿಟ್ ಲಾಗ್‌ಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟರೆ, ಒಂದು ಪದ ಕಡತದಲ್ಲಿ ಎಷ್ಟು ಸಲ ಬರುತ್ತದೆಂಬ ಎಣಿಕೆ ಯಾವ ಯಾವ ಕಮಿಟ್‌ಗಳಲ್ಲಿ, ಅಂದರೆ ದಾಖಲಾದ ಬದಲಾವಣೆಗಳಲ್ಲಿ, ಬದಲಾಯಿತೋ ಅವನ್ನಷ್ಟೇ ಅದು ಆರಿಸಿ ತೋರಿಸುತ್ತದೆ. 0.65 ಎಂದು ಕೇಳಿದೆ. ಅಂಕಿಯನ್ನು ತೆಗೆದ ಕಮಿಟ್ ಸಿಕ್ಕಿತು, ಅದರೊಳಗೆ ಕಡತದ ಹೆಸರೂ ಸಿಕ್ಕಿತು. ಕಡತವನ್ನು ತೆರೆದರೆ ಮೂರನೆಯ ಸಾಲಿನಲ್ಲೇ, ಒಂದಿಷ್ಟೂ ವ್ಯತ್ಯಾಸವಿಲ್ಲದೆ, 'ಕೊಬ್ಬರಿ' ಎಂದಿತ್ತು.

ಕಣ್ಣಿಗೆ ಕಾಣುವುದು ಒಂದೇ ಆದರೂ ಯಂತ್ರಕ್ಕೆ ಅವು ಎರಡು ಪದಗಳಾಗಿದ್ದವು. ಅಕ್ಷರ, ಚಿಹ್ನೆಗಳಿಗೆಲ್ಲ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 'ಕೊ' ಎಂಬುದನ್ನು ಎರಡು ರೀತಿಯಲ್ಲಿ ಬರೆಯಬಹುದು: ಕಕಾರದ ಮುಂದೆ ಒಕಾರದ ಒಂದೇ ಚಿಹ್ನೆಯನ್ನಿಟ್ಟು, ಇಲ್ಲವೇ ಎತ್ವದ ಚಿಹ್ನೆಯನ್ನೂ ಊಕಾರದ ಕೊಂಬನ್ನೂ ಒಂದರ ಹಿಂದೊಂದಾಗಿ ಇಟ್ಟು. ಎರಡೂ ಸಮಾನವೆಂದು ಯೂನಿಕೋಡ್ ಹೇಳುತ್ತದಾದರೂ ಗ್ರೆಪ್ ಆ ಸಮಾನತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೊದಲ ರೀತಿಯಲ್ಲಿ 'ಕೊಬ್ಬರಿ' ಏಳು ಸಂಕೇತಗಳ, 21 ಬೈಟ್‌ಗಳ ಪದ. ಎರಡನೆಯ ರೀತಿಯಲ್ಲಿ ಎಂಟು ಸಂಕೇತಗಳ, 24 ಬೈಟ್‌ಗಳ ಪದ. ನಾವು ಯೂನಿಕೋಡ್‌ಗೆ ಬರುವ ಮುಂಚೆ ನಮ್ಮ ಕಡತಗಳು ಅಕ್ಷರದ ಆಕಾರಗಳನ್ನು ತುಂಡುತುಂಡಾಗಿ ಜೋಡಿಸುವ ಹಳೆಯ ಫಾಂಟ್ ಸಂಕೇತದಲ್ಲಿದ್ದವು. ಅದರಲ್ಲಿ 'ಕೊ' ಬರೆಯಲು 'ಕೆ'ಯ ತುಂಡುಗಳ ಮುಂದೆ ಕೊಂಬಿನ ತುಂಡನ್ನು ಸೇರಿಸುತ್ತಿದ್ದೆವು. ನಾನೇ ಬರೆದ ಪರಿವರ್ತಕ ತುಂಡಿಗೊಂದು ಸಂಕೇತ ಕೊಡುತ್ತಾ ಹೋಗಿ ಎರಡನೆಯ ರೂಪವನ್ನು ಉಳಿಸಿತ್ತು. ಆ ಮಂಡಿಯ ಸರಕುಪಟ್ಟಿಯೂ ಅದೇ ಪರಿವರ್ತಕದಿಂದ ಬಂದದ್ದಾದ್ದರಿಂದ ಅಲ್ಲಿ ಮಾತ್ರ ಹಳೆಯ ನಿಯಮ ಹೊಂದಿಕೊಂಡು, ಎರಡನೆಯ ಸಲ ತೂಕ ಕಳೆಯುತ್ತಿತ್ತು.

ಇದೇ ಸಂದರ್ಭದಲ್ಲಿ ಸೂಚಿಯ ಬಗ್ಗೆ ನಾನು ಹಿಂದೆ ಗಮನಿಸದಿದ್ದ ಇನ್ನೊಂದು ಸಂಗತಿಯೂ ತಿಳಿಯಿತು. ಗೂಗಲ್ 2006ರಲ್ಲಿ ಆರಂಭಿಸಿದ ಕೋಡ್ ಸರ್ಚ್ ಸೇವೆ ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು, ಅದು ನಿಂತ 2012ರಲ್ಲಿ, ರಸ್ ಕಾಕ್ಸ್ ವಿವರವಾಗಿ ಬರೆದು, ಅದೇ ವಿಧಾನದ ಒಂದು ಪುಟ್ಟ ಸಲಕರಣೆಯನ್ನೂ ಕೊಟ್ಟರು. ಅದು ಪ್ರತಿ ಕಡತದಲ್ಲಿ ಒಂದರ ಪಕ್ಕ ಒಂದಾಗಿ ಬರುವ ಮೂರು ಮೂರು ಬೈಟ್‌ಗಳ ಗುಂಪುಗಳನ್ನು ಪಟ್ಟಿಮಾಡಿಕೊಂಡು, ಹುಡುಕುವ ಪದದ ಎಲ್ಲ ಗುಂಪುಗಳೂ ಇರುವ ಕಡತಗಳನ್ನು ಮಾತ್ರ ತೆರೆದು ಓದುತ್ತದೆ. ಇಂಗ್ಲಿಷ್ ಪದವಾದರೆ ಮೂರು ಬೈಟ್ ಎಂದರೆ ಮೂರು ಅಕ್ಷರ; ಅಂಥ ಮೂರಕ್ಷರ ಎಲ್ಲ ಕಡತದಲ್ಲೂ ಇರುವುದಿಲ್ಲವಾದ್ದರಿಂದ ಜರಡಿ ಸಣ್ಣಗೆ ಸೋಸುತ್ತದೆ. ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಅದರಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲೊಂದು. ಅಲ್ಲಿಗೆ ಒಂದು ಗುಂಪು ಹೇಳುವುದು 'ಈ ಕಡತದಲ್ಲಿ ರಕಾರ ಇದೆ' ಎಂಬಷ್ಟನ್ನೇ. ರಕಾರವಿಲ್ಲದ ಕನ್ನಡ ಕಡತ ಎಲ್ಲಿದೆ? ಕೊನೆಯಲ್ಲಿ ಕಡತವನ್ನೇ ಓದಿ ತಾಳೆ ನೋಡುವುದರಿಂದ ಉತ್ತರ ತಪ್ಪಾಗುವುದಿಲ್ಲ. ಸೂಚಿ ಕಟ್ಟಿದ ಶ್ರಮದ ಬಹುಪಾಲು ಮಾತ್ರ ವ್ಯರ್ಥವಾಗುತ್ತದೆ. ಕನ್ನಡದ ಪಠ್ಯವಿರುವ ಕಡತಗಳಿಗೆ ಬೈಟ್‌ಗಳ ಬದಲು ಸಂಕೇತಗಳನ್ನೇ ಮೂರು ಮೂರಾಗಿ ಗುಂಪುಮಾಡುವ ಸೂಚಿ ಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ನಿಯಮವನ್ನು ಅಳಿಸಿ, ತಪ್ಪಿದ ಚೀಟಿಗಳ ಲೆಕ್ಕವನ್ನು ಮತ್ತೆ ಮಾಡಿ ಮಂಡಿಗೆ ಕಳುಹಿಸಿದ ಮೇಲೆ, ಎಲ್ಲ ಕಡತಗಳನ್ನೂ ಮೇಲೆ ಹೇಳಿದ ಮೊದಲ ರೀತಿಯ ಕೂಡಿಸಿದ ರೂಪಕ್ಕೆ, ಅಂದರೆ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ, ಒಂದೇ ಕಮಿಟ್‌ನಲ್ಲಿ ತಂದೆ. ಹೀಗೆ ಮಾಡಿದರೆ ಯಾವ ಸಾಲನ್ನು ಯಾರು ಬರೆದರೆಂದು ಕೇಳಿದಾಗಲೆಲ್ಲ ಈ ಕಮಿಟ್‌ನ ಹೆಸರೇ ಬರುತ್ತದೆಂಬ ಹಿಂಜರಿಕೆ ಇತ್ತು, ಆದರೆ ಗಿಟ್ 2.23ರಿಂದ ಅಂಥ ಕಮಿಟ್‌ಗಳನ್ನು ಪಟ್ಟಿಮಾಡಿ, ಆ ಪ್ರಶ್ನೆಗೆ ಉತ್ತರಿಸುವ ಬ್ಲೇಮ್ ಆದೇಶದಿಂದ ಹೊರಗಿಡಲು ಸಾಧ್ಯವಿದೆ. ಬಿಡಿಸಿದ ರೂಪದ ಅಕ್ಷರವಿರುವ ಕಡತವನ್ನು ಕಮಿಟ್ ಮಾಡಲು ಬಿಡದ ಒಂದು ತಪಾಸಣೆಯನ್ನೂ ಸೇರಿಸಿದೆ. ನಮ್ಮ ಊರಿನ ಹೆಸರು 2014ರ ನವೆಂಬರ್ 1ರಂದು ಇಂಗ್ಲಿಷ್ ಬರಹದಲ್ಲೂ ತುಮಕೂರು ಆದ ಬಳಿಕ ಎರಡೂ ಕಾಗುಣಿತಗಳು ನಮ್ಮ ಕಡತಗಳಲ್ಲಿ ಬೆರೆತಿದ್ದವು. ಈ ಭರದಲ್ಲಿ ಅವನ್ನೂ ಒಂದು ಮಾಡಿದೆ. ಹಳೆಯ ರಸೀದಿಗಳ ಮಾದರಿಯನ್ನು ಮಾತ್ರ ಮುಟ್ಟಲಿಲ್ಲ, ಅವು ಅಂದು ಅಚ್ಚಾದಂತೆಯೇ ಇರಬೇಕು.

ಇನ್ನೂ 11 ಕಡತಗಳು ಹಳೆಯ ಫಾಂಟ್ ಸಂಕೇತದಲ್ಲೇ ಉಳಿದಿವೆ. ಅವುಗಳಲ್ಲಿ ಕನ್ನಡ ಪದವನ್ನು ಯಾವ ರೂಪದಲ್ಲಿ ಹುಡುಕಿದರೂ ಸಿಗುವುದಿಲ್ಲ. ಹಳೆಯ ಪರಿವರ್ತಕವನ್ನು ಮತ್ತೆ ಓಡಿಸಲು ಮನಸ್ಸು ಒಪ್ಪದೆ, ರಾತ್ರಿಗೊಂದರಂತೆ ಅವನ್ನು ಕೈಯಲ್ಲೇ ಟೈಪ್ ಮಾಡುತ್ತಿದ್ದೇನೆ. ನಿನ್ನೆಗೆ ನಾಲ್ಕು ಮುಗಿದವು.