ತುಟಿ ಮುಚ್ಚಬೇಕಾದ ಜಾಗ

ಮಗಳ ಗೆಳತಿಗೆ ಜ್ವರ ಬಂದು ಒಂದು ಟಿಕೆಟ್ ಉಳಿದುಕೊಂಡಿದ್ದರಿಂದ, ಕಳೆದ ತಿಂಗಳು ಮ್ಯಾನ್‌ಹಾಟನ್ನಿನ ಸಭಾಂಗಣವೊಂದರಲ್ಲಿ ನಡೆದ ಹಿಪ್‌ಹಾಪ್ ಕಾರ್ಯಕ್ರಮಕ್ಕೆ ಅವಳ ಜೊತೆ ನಾನು ಹೋಗಬೇಕಾಯಿತು. ನ್ಯೂಜೆರ್ಸಿಯಲ್ಲಿ 17 ವರ್ಷ ಕಳೆದಿದ್ದರೂ ಈ ಸಂಗೀತವನ್ನು ನಾನು ಕೇಳಿದ್ದು ಅವಳು ಕಾರಿನಲ್ಲಿ ಹಾಕಿದಷ್ಟನ್ನು ಮಾತ್ರ. ಆದರೆ ತಯಾರಿಯಿಲ್ಲದೆ ಎಲ್ಲಿಗೂ ಹೋಗದಿರುವುದು ನನ್ನ ಹಳೆಯ ಚಾಳಿ. ಈ ಸಂಗೀತದ ಮೂಲಪುರುಷನೆನಿಸಿದ, ಜಮೈಕಾದಿಂದ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಬಂದಿದ್ದ ಕೂಲ್ ಹರ್ಕ್ ಎಂಬ ಹದಿನೆಂಟರ ಹುಡುಗ, 1973ರ ಆಗಸ್ಟ್ 11ರಂದು ಸೆಜ್‌ವಿಕ್ ಅವೆನ್ಯೂದ 1520ನೇ ನಂಬರಿನ ವಸತಿ ಕಟ್ಟಡದಲ್ಲಿ ತನ್ನ ತಂಗಿಯ ಪಾರ್ಟಿಗೆ ಸಂಗೀತ ಹಾಕಿದ್ದು, ಒಂದೇ ಗ್ರಾಮಫೋನ್ ತಟ್ಟೆಯ ಎರಡು ಪ್ರತಿಗಳನ್ನಿಟ್ಟುಕೊಂಡು, ಹಾಡು ನಿಂತು ಬರೀ ತಾಳ ಉಳಿಯುವ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತ ಹಿಗ್ಗಿಸುವ ವಿದ್ಯೆಯನ್ನು ರೂಢಿಸಿಕೊಂಡದ್ದು, ಇವನ್ನೆಲ್ಲ ರೈಲಿನಲ್ಲಿ ಓದಿಕೊಂಡೆ. ಶಿರಸಿಯ ಕಡೆಯ ತಾಳಮದ್ದಲೆಗಳನ್ನು ಬೆಳಗಿನವರೆಗೆ ಕೇಳಿ ಬೆಳೆದವನಿಗೆ, ಮಾತೇ ಮುಖ್ಯವಾದ ಇನ್ನೊಂದು ಕಲೆ ಅಷ್ಟೇನೂ ಪರಕೀಯವಾಗಲಾರದು ಎಂಬ ಧೈರ್ಯವೂ ಇತ್ತು.

ಆ ಧೈರ್ಯ ಹತ್ತು ನಿಮಿಷ ಬಾಳಿತು. ತಾಳಮದ್ದಲೆಯಲ್ಲಿ ಪ್ರಸಂಗ ನನಗೆ ಮೊದಲೇ ಗೊತ್ತಿರುತ್ತಿತ್ತು, ಅರ್ಥಧಾರಿ ಏನು ಹೇಳುತ್ತಾನೆಂಬುದು ಮಾತ್ರ ಗೊತ್ತಿರುತ್ತಿರಲಿಲ್ಲ. ಇಲ್ಲಿ ಸುತ್ತಲಿನವರಿಗೆ ಪ್ರತಿ ಅಕ್ಷರವೂ ಕಂಠಪಾಠವಾಗಿತ್ತು. ಗಾಯಕ ಸಾಲನ್ನು ಅರ್ಧಕ್ಕೆ ಬಿಟ್ಟು ಮೈಕನ್ನು ಜನರತ್ತ ಚಾಚಿದೊಡನೆ ಉಳಿದರ್ಧ ಸಾವಿರ ಬಾಯಿಗಳಿಂದ ಬರುತ್ತಿತ್ತು. ಕುರ್ಚಿಗಳೇ ಇಲ್ಲದ ಆ ಸಭಾಂಗಣದಲ್ಲಿ, ಪೂಜೆಯ ಮಂತ್ರ ಬಾರದವನು ಪುರೋಹಿತರ ಹಿಂದೆ ತುಟಿ ಅಲ್ಲಾಡಿಸುವಂತೆ ನಾನೂ ಅಲ್ಲಾಡಿಸುತ್ತ ನಿಂತಿದ್ದೆ. ನನ್ನ ನರೆತ ತಲೆಯನ್ನು ಯಾರಾದರೂ ಗಮನಿಸಿಯಾರು ಎಂದು ಅಂಜಿದ್ದೆ, ಯಾರೂ ಗಮನಿಸಲಿಲ್ಲ.

ಮೂರನೆಯ ಹಾಡಿನಲ್ಲಿ ಮಗಳ ಕಡೆ ನೋಡಿದೆ. ಉಸಿರು ಬಿಗಿಹಿಡಿದು ಪೂರ್ತಿ ಹಾಡುತ್ತಿದ್ದ ಅವಳ ತುಟಿಗಳು ಒಂದು ಪದ ಬಂದ ಕಡೆಯಲ್ಲೆಲ್ಲ ಫಕ್ಕನೆ ಮುಚ್ಚಿಕೊಂಡು, ಮರುಪದಕ್ಕೆ ತೆರೆದುಕೊಳ್ಳುತ್ತಿದ್ದವು. ಗುಲಾಮಗಿರಿಯ ಕಾಲದಿಂದ ಬಿಳಿಯರು ಕಪ್ಪು ಜನರನ್ನು ಹೀಯಾಳಿಸಲು ಬಳಸಿದ, ಈಗ ಕಪ್ಪು ಜನರೇ ತಮ್ಮೊಳಗೆ ಬೇರೆ ಅರ್ಥದಲ್ಲಿ ಬಳಸಿಕೊಳ್ಳುವ ಪದವದು. "ಹಾಡಿನಲ್ಲಿದ್ದರೂ ಅದು ನಮ್ಮದಲ್ಲ ಅಪ್ಪಾ," ಎಂದು ಅವಳು ರೈಲಿನಲ್ಲೇ ಎಚ್ಚರಿಸಿದ್ದಳು. 2018ರಲ್ಲಿ ಅಲಬಾಮಾದ ಸಂಗೀತೋತ್ಸವವೊಂದರಲ್ಲಿ ಕಪ್ಪು ಹಿಪ್‌ಹಾಪ್ ಗಾಯಕ ಕೆಂಡ್ರಿಕ್ ಲಮಾರ್ ತಾನೇ ವೇದಿಕೆಗೆ ಕರೆದ ಬಿಳಿಯ ಅಭಿಮಾನಿಯೊಬ್ಬಳು ತನ್ನ ಹಾಡಿನ ಆ ಪದವನ್ನು ಉಚ್ಚರಿಸಿದಾಗ ಹಾಡು ನಿಲ್ಲಿಸಿದ ಸಂಗತಿಯನ್ನೂ ಹೇಳಿದ್ದಳು. ಆಗ ನನಗೆ ಇದು ಅತಿಯಾಯಿತೇನೋ ಅನ್ನಿಸಿತ್ತು. ಕರೆದವನೂ ಅವನೇ, ಹಾಡು ಬರೆದವನೂ ಅವನೇ ಅಲ್ಲವೇ?

ಸಭಾಂಗಣದಲ್ಲಿ ಹಾಗನ್ನಿಸಲಿಲ್ಲ. ಆ ಪದ ಬಂದಾಗಲೆಲ್ಲ ನೂರಾರು ಜನ ಅದನ್ನು ಎದೆಯಿಂದ ಕೂಗುತ್ತಿದ್ದರು, ಅವರ ನಡುನಡುವೆ ಒಂದೊಂದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಕೆಲವು ಬಿಳಿಯ ಹುಡುಗರು ಮುಚ್ಚದೆಯೂ ಇದ್ದರು. ಎಂಟು ಗಂಟೆಗೆ ಎಲ್ಲರೂ ಒಂದೇ ಬಾಗಿಲಿನಿಂದ, ಒಂದೇ ಬೆಲೆಯ ಟಿಕೆಟ್ ತೋರಿಸಿ ಒಳಗೆ ಬಂದಿದ್ದೆವು. ಸಾಲುಗಳು ಬಾಯಿಗೆ ಬಾರದಿದ್ದಾಗಿನ ಪರಕೀಯತೆ ಅಭ್ಯಾಸದಿಂದ ಹೋಗುವಂಥದ್ದು. ಇದು ಅಂಥದ್ದಲ್ಲ: ಹಾಡನ್ನು ನನಗಿಂತ ನೂರು ಪಾಲು ಚೆನ್ನಾಗಿ ಬಲ್ಲ ಮಗಳೂ ಆ ಒಂದು ಪದದ ಹೊತ್ತಿಗೆ ನನ್ನ ಪಕ್ಕದಲ್ಲೇ, ಹೊರಗೆ ನಿಂತಿದ್ದಳು.

ಹಿಂದಿರುಗುವ ರೈಲಿನಲ್ಲಿ ನನಗೆ ನೆನಪಾದದ್ದು ಸಿದ್ಧಲಿಂಗಯ್ಯನವರ 1975ರ ಕವನ ಸಂಕಲನ, 'ಹೊಲೆಮಾದಿಗರ ಹಾಡು'. ಬೈಗುಳವಾಗಿ ಎಸೆಯಲಾಗುತ್ತಿದ್ದ ಹೆಸರುಗಳನ್ನೇ ಎತ್ತಿ ಮುಖಪುಟದ ಮೇಲಿಟ್ಟ ಸಂಕಲನವದು. ಧಾರವಾಡದಲ್ಲಿ ಓದುವಾಗ ಅದರ ಪದ್ಯಗಳನ್ನು ಹಾಸ್ಟೆಲ್ಲಿನ ಗೆಳೆಯರ ಜೊತೆ ಮೆರವಣಿಗೆಯಲ್ಲಿ ಹಾಡಿದ್ದೇನೆ, ಎಲ್ಲರಿಗಿಂತ ಗಟ್ಟಿಯಾಗಿ. ಪದ್ಯಗಳಲ್ಲಿ ಬರುವ "ನಾವು" ಎಂಬಲ್ಲಿ ನಾನೂ ಇದ್ದೇನೆಂದೇ ತಿಳಿದಿದ್ದೆ. ರಜೆಯಲ್ಲಿ ನಾನು ಮರಳುತ್ತಿದ್ದ ಮನೆಯ ಜಗಲಿಯನ್ನು ಆ ಗೆಳೆಯರಲ್ಲಿ ಕೆಲವರು ಹತ್ತುವಂತಿರಲಿಲ್ಲ.

ಇದನ್ನು ಮಗಳಿಗೆ ಹೇಳಿದೆ.

"ಆಗ ನಿನ್ನನ್ನ ಯಾರೂ ಏನೂ ಕೇಳಲಿಲ್ವಾ?"

"ಇಲ್ಲ," ಎಂದೆ.

"ಅವರಿಗೆ ಹೇಗನ್ನಿಸಿತ್ತೋ ನೀನಾದ್ರೂ ಕೇಳಿದ್ಯಾ?"

ಅಷ್ಟರಲ್ಲಿ ನ್ಯೂವಾರ್ಕ್ ಬಂತು. ಅವಳು ಮತ್ತೆ ಕೇಳಲಿಲ್ಲ. ಆ ಮೆರವಣಿಗೆಯಲ್ಲಿ ನನ್ನ ಪಕ್ಕ ನಡೆಯುತ್ತಿದ್ದ ಗೆಳೆಯನ ಮುಖವನ್ನು ನೆನಪಿಸಿಕೊಳ್ಳಲು ನಾನು ಯತ್ನಿಸುತ್ತಿದ್ದೆ.